ಮೊದಲ ಪುಲ್ ರಿಕ್ವೆಸ್ಟ್ (ನನ್ನ ಕೋಡ್ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಿ ಮೂರು ವಾರ ಆಯಿತು, ಉತ್ತರವೇ ಇಲ್ಲ. ಏನು ಮಾಡಲಿ?

ಶಿಡ್ಲಘಟ್ಟದ_ಹುಡುಗಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಬೆಂಗಳೂರಿನಲ್ಲಿ ಎಂಬೆಡೆಡ್ ಕೆಲಸ, ಮೂರು ವರ್ಷ ಆಯಿತು. ಗಾಡಿಗಳ ಡ್ಯಾಶ್‌ಬೋರ್ಡಿಗೆ ಫರ್ಮ್‌ವೇರ್, ಅಂದರೆ ಚಿಪ್ ಒಳಗೆ ಓಡುವ ಕೋಡ್, ಬರೆಯುತ್ತೇನೆ. ಬರೆದದ್ದೆಲ್ಲ ಕಂಪನಿ ಒಳಗೇ ಉಳಿಯುತ್ತದೆ, ಹೊರಗಿನವರಿಗೆ ತೋರಿಸಲು ನನ್ನ ಹತ್ತಿರ ಒಂದು ಸಾಲೂ ಇಲ್ಲ. ಅದಕ್ಕಿಂತ ಜಾಸ್ತಿ ಮನಸ್ಸಿಗೆ ಬರುವುದು ಇನ್ನೊಂದು. ದಿನ ಬೆಳಗಾದರೆ ಜಿಸಿಸಿ (ಕಂಪೈಲರ್), ಗಿಟ್ (ಕೋಡ್ ಬದಲಾವಣೆಗಳ ಇತಿಹಾಸ ಇಡುವುದು), ಓಪನ್‌ಒಸಿಡಿ (ಚಿಪ್‌ಗೆ ಕೋಡ್ ತುಂಬಿ ತಪ್ಪು ಹುಡುಕುವುದು) ಬಳಸುತ್ತೇನೆ. ಎಲ್ಲವೂ ಯಾರೋ ಕೂತು ಬರೆದು ಎಲ್ಲರಿಗೂ ಕೊಟ್ಟಿದ್ದು. ನಾನೂ ಏನಾದರೂ ವಾಪಸ್ ಕೊಡಬೇಕು ಅಂತ ತುಂಬಾ ದಿನದಿಂದ ಆಸೆ.

ಊರಿನಲ್ಲಿ ಚಿಕ್ಕಪ್ಪ ರೇಷ್ಮೆ ಹುಳು ಸಾಕುತ್ತಾರೆ. ಚಾಕಿ, ಅಂದರೆ ಮರಿ ಹುಳುವಿಗೆ 27-28 ಡಿಗ್ರಿ ಬಿಸಿ, ಶೇಕಡಾ 85ರ ಆಸುಪಾಸು ತೇವಾಂಶ ಬೇಕು. ಗಾಳಿ ಒಣಗಿದರೆ ಹಾಕಿದ ಸೊಪ್ಪು ಬಾಡುತ್ತದೆ, ಹುಳು ತಿನ್ನುವುದಿಲ್ಲ. ಚಿಕ್ಕಪ್ಪ ಒದ್ದೆ ಗೋಣಿಚೀಲ ಕಟ್ಟಿ ಅಂದಾಜಿನಲ್ಲಿ ನಡೆಸುತ್ತಾರೆ, ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಹುಳುಮನೆಗೆ ಹೋಗಿ ನೋಡಿಕೊಂಡು ಬರುತ್ತಾರೆ. ಅವರ ನಿದ್ದೆ ಉಳಿಯಲಿ ಅಂತ ಒಂದು ಪೆಟ್ಟಿಗೆ ಮಾಡಲು ಹೊರಟೆ. ಒಂದು ರಾಸ್ಬೆರಿ ಪೈ ಪೈಕೊ (ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡ್), ಜೊತೆಗೆ ಎಸ್‌ಪಿ ರೋಡಿನಲ್ಲಿ ತಗೊಂಡ ಬಿಎಂಇ280 ಸೆನ್ಸರ್. ಅದು ಬಿಸಿ, ಗಾಳಿಯ ಒತ್ತಡ, ತೇವಾಂಶ ಮೂರನ್ನೂ ಅಳೆಯುವ ಚಿಪ್.

ಸೆನ್ಸರ್ ಓದಲು ಒಂದು ಸಣ್ಣ ಓಪನ್ ಸೋರ್ಸ್ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಹಾಕಿಕೊಂಡೆ. ಚಾಲೂ ಮಾಡಿದ ತಕ್ಷಣ "ಸೆನ್ಸರ್ ಸಿಗಲಿಲ್ಲ" ಅಂದಿತು. ವೈರಿಂಗ್ ಮೂರು ಸಲ ನೋಡಿದೆ, ಸರಿ ಇದೆ. ಕೋಡ್ ಬಿಚ್ಚಿ ನೋಡಿದರೆ, ಚಿಪ್‌ನ ಐಡಿ ಓದಿ ಅದು ತನಗೆ ಬೇಕಾದ ಸಂಖ್ಯೆ ಅಲ್ಲದಿದ್ದರೆ ಅಲ್ಲೇ ನಿಂತುಬಿಡುವ ಒಂದು ಸಾಲು ಇತ್ತು. ಆ ಸಾಲು ತೆಗೆದೆ. ಬಿಸಿಯೂ ಬಂತು, ಒತ್ತಡವೂ ಬಂತು! ತೇವಾಂಶ ಮಾತ್ರ ಒಂದೇ ಸಂಖ್ಯೆ ತೋರಿಸುತ್ತದೆ, ಅಲ್ಲಾಡುವುದೇ ಇಲ್ಲ. ಅದು ಬೇರೆ ಬಗ್ ಇರಬೇಕು, ಆಮೇಲೆ ನೋಡೋಣ ಅಂದುಕೊಂಡು, ಐಡಿ ಸಾಲು ತೆಗೆದ ಬದಲಾವಣೆಯನ್ನು ಪುಲ್ ರಿಕ್ವೆಸ್ಟ್ ಮಾಡಿ ಕಳಿಸಿದೆ.

ಮೂರು ವಾರ ಆಯಿತು. ಒಂದು ಕಾಮೆಂಟ್ ಇಲ್ಲ. ಹೊಸಬರು ಅಂತ ನೋಡುವುದಿಲ್ಲವಾ? ನನ್ನ ಇಂಗ್ಲಿಷ್ ಸರಿ ಇಲ್ಲವಾ? ಒಂದು ಸಾಲಿನ ಬದಲಾವಣೆ ಕಳಿಸಲೇಬಾರದಿತ್ತಾ? ಇನ್ನೂ ಒಂದು ಭಯ ಇದೆ, ಕಂಪನಿಗೆ ಸೇರುವಾಗ ಸಹಿ ಹಾಕಿದ ಕಾಗದದಲ್ಲಿ ನಾನು ಬರೆದ ಕೋಡ್ ಎಲ್ಲಾ ಅವರದ್ದು ಅಂತ ಇದ್ದ ನೆನಪು. ಅನುಭವ ಇರುವವರು ದಾರಿ ಹೇಳಿ.

ಬೆಸುಗೆ_ಕಡ್ಡಿ:

ಮೇಡಂ, ಉಳಿದದ್ದು ಆಮೇಲೆ ಮಾತಾಡೋಣ. ಮೊದಲು ಒಂದು ಕೆಲಸ ಮಾಡಿ. ಹೆಕ್ಸ್ ಡಿ0 ರಿಜಿಸ್ಟರ್ (ಚಿಪ್ ಒಳಗೆ ಐಡಿ ಇರುವ ಜಾಗ; ಹೆಕ್ಸ್ ಅಂದರೆ 16ರ ಲೆಕ್ಕದ ಸಂಖ್ಯೆ) ಓದಿ ಏನು ಬರುತ್ತದೆ ನೋಡಿ. ಬಿಎಂಇ280 ಆಗಿದ್ದರೆ ಹೆಕ್ಸ್ 60 ಬರಬೇಕು. 58 ಬಂದರೆ ನಿಮ್ಮ ಕೈಲಿರುವುದು ಬಿಎಂಪಿ280, ಅದರಲ್ಲಿ ತೇವಾಂಶ ಅಳೆಯುವ ಭಾಗವೇ ಇಲ್ಲ. ಎರಡೂ ಬಾಷ್ ಕಂಪನಿಯ ಚಿಪ್‌ಗಳೇ. ಬಿಸಿ ಮತ್ತು ಒತ್ತಡದ ರಿಜಿಸ್ಟರ್‌ಗಳು ಎರಡರಲ್ಲೂ ಒಂದೇ ಜಾಗದಲ್ಲಿವೆ, ಅದಕ್ಕೇ ಐಡಿ ನೋಡದೆ ಓದಿದರೂ ಆ ಎರಡು ಸರಿಯಾಗಿ ಬರುತ್ತವೆ.

ಕಣ್ಣಿನಲ್ಲೂ ಗುರುತು ಹಿಡಿಯಬಹುದು. ಬೋರ್ಡ್ ಮೇಲಿನ ಬೆಳ್ಳಿ ಬಣ್ಣದ ಪುಟ್ಟ ಡಬ್ಬಿ ನೋಡಿ. ಬಿಎಂಇ280 ಚೌಕ, ಎರಡೂ ಕಡೆ 2.5 ಮಿಲಿಮೀಟರ್. ಬಿಎಂಪಿ280 ಒಂದು ಕಡೆ 2, ಇನ್ನೊಂದು ಕಡೆ 2.5, ಅಂದರೆ ಸ್ವಲ್ಪ ಉದ್ದನೆಯದು. ಫೋನ್ ಕ್ಯಾಮೆರಾ ಹತ್ತಿರ ಹಿಡಿದರೆ ಸಾಕು, ಗೊತ್ತಾಗುತ್ತದೆ. ಎಷ್ಟೋ ಬೋರ್ಡ್‌ಗಳ ಹಿಂದೆ ಎರಡೂ ಹೆಸರು ಒಟ್ಟಿಗೆ ಅಚ್ಚಾಗಿರುತ್ತದೆ, ಅದನ್ನು ನಂಬಬೇಡಿ.

ಶಿಡ್ಲಘಟ್ಟದ_ಹುಡುಗಿ:

ಓದಿದೆ ಸರ್. 58 ಬಂತು. ಡಬ್ಬಿಯೂ ಉದ್ದನೆಯದೇ.

ಹಾಗಾದರೆ ಲೈಬ್ರರಿ ಹೇಳಿದ್ದೇ ಸರಿ. ನಾನು ತೆಗೆದದ್ದು ಕಾವಲಿಗೆ ಇಟ್ಟಿದ್ದ ಸಾಲನ್ನು. ಅದು ಒಳಗೆ ಸೇರಿಬಿಟ್ಟಿದ್ದರೆ, ನನ್ನ ಹಾಗೇ ಯಾರೋ ತಪ್ಪು ಸೆನ್ಸರ್ ತಗೊಂಡವರಿಗೆ ಸುಳ್ಳು ತೇವಾಂಶ ಕಾಣುತ್ತಿತ್ತು. ಚಿಕ್ಕಪ್ಪ ಆ ಸಂಖ್ಯೆ ನಂಬಿ ಗೋಣಿಚೀಲ ಬಿಚ್ಚಿಟ್ಟಿದ್ದರೆ ಒಂದು ಬೆಳೆಯೇ ಹೋಗುತ್ತಿತ್ತು. ಪುಲ್ ರಿಕ್ವೆಸ್ಟ್ ಮುಚ್ಚಿಬಿಡಲಾ?

ಬೆಸುಗೆ_ಕಡ್ಡಿ:

ಮುಚ್ಚಬೇಡಿ ಮೇಡಂ! ಈಗ ನಿಮ್ಮ ಹತ್ತಿರ ನಿಜವಾದ ಕೊಡುಗೆ ಇದೆ. ನೀವೇ ಹೇಳಿದಿರಲ್ಲ, ಲೈಬ್ರರಿ "ಸೆನ್ಸರ್ ಸಿಗಲಿಲ್ಲ" ಅಂದಿದ್ದಕ್ಕೆ ವೈರಿಂಗ್ ಮೂರು ಸಲ ನೋಡಿದೆ ಅಂತ. ಸೆನ್ಸರ್ ಸಿಕ್ಕಿತ್ತು, ಉತ್ತರವನ್ನೂ ಕೊಟ್ಟಿತ್ತು, ಬೇರೆ ಜಾತಿಯ ಚಿಪ್ ಆಗಿತ್ತು ಅಷ್ಟೇ. "ಐಡಿ 58 ಬಂತು, ಇದು ಬಿಎಂಪಿ280, ಇದರಲ್ಲಿ ತೇವಾಂಶ ಇಲ್ಲ" ಅಂತ ಲೈಬ್ರರಿ ಹೇಳಿದ್ದರೆ ನಿಮ್ಮ ಒಂದು ಸಂಜೆ ಉಳಿಯುತ್ತಿತ್ತು. ಆ ಸಂದೇಶವನ್ನು ಸೇರಿಸಿ. ಕಾವಲು ಸಾಲು ಇದ್ದ ಜಾಗದಲ್ಲೇ ಇರಲಿ. ಹತ್ತು ಸಾಲೂ ಆಗುವುದಿಲ್ಲ, ಆದರೆ ಇದೇ ಗೊಂದಲದಲ್ಲಿ ಬೀಳುವ ಪ್ರತಿಯೊಬ್ಬರಿಗೂ ಉಪಕಾರ.

ಎಂಬೆಡೆಡ್‌ನಲ್ಲಿ ಕೊಡುಗೆ ಅಂದರೆ ನನ್ನ ಪ್ರಕಾರ ಮೊದಲು ಸಾಕ್ಷಿ, ಆಮೇಲೆ ಕೋಡ್. ಯಾವ ಚಿಪ್, ಯಾವ ಬೋರ್ಡ್, ಏನು ಬರಬೇಕಿತ್ತು, ಏನು ಬಂತು. ಅದನ್ನು ಬಿಡಿಬಿಡಿಯಾಗಿ ಇಟ್ಟರೆ ಇಂಗ್ಲಿಷ್ ಹೇಗಿದ್ದರೂ ನಡೆಯುತ್ತದೆ. ಮೇಂಟೇನರ್‌ಗಳಲ್ಲಿ (ಪ್ರಾಜೆಕ್ಟ್ ನೋಡಿಕೊಳ್ಳುವವರು) ಎಷ್ಟೋ ಜನರಿಗೆ ಮನೆಯಲ್ಲಿ ಜರ್ಮನ್ನೋ ಫ್ರೆಂಚೋ ಚೈನೀಸೋ ಮಾತು.

ನನ್ನ ಮೊದಲ ಪ್ಯಾಚ್ (ತಪ್ಪು ತಿದ್ದುವ ಕೋಡ್ ತುಂಡು) ಕಥೆ ಹೇಳುತ್ತೇನೆ. ಒಂದು ಕೋಲ್ಡ್ ಸ್ಟೋರೇಜ್ ಕೆಲಸಕ್ಕೆ ಒಂದು ಲೈಬ್ರರಿ ಬಳಸುತ್ತಿದ್ದೆವು. ಅದರಲ್ಲಿ ತಾಪಮಾನವನ್ನು ಪೂರ್ಣಾಂಕ ಒಂದು ಕಡೆ, ದಶಮಾಂಶದ ಭಾಗ ಇನ್ನೊಂದು ಕಡೆ ಅಂತ ಇಡುತ್ತಿದ್ದರು. ಅಂದರೆ 23.5 ಆದರೆ 23 ಒಂದರಲ್ಲಿ, 5 ಇನ್ನೊಂದರಲ್ಲಿ. ಮೇಜಿನ ಮೇಲೆ ಎಲ್ಲಾ ಸರಿ ಇತ್ತು. ಮೈಸೂರಿನಲ್ಲಿ ಯಾವ ಚಳಿಗಾಲದಲ್ಲೂ ತಾಪಮಾನ ಸೊನ್ನೆಗೆ ಇಳಿಯುವುದಿಲ್ಲ ಅಲ್ವಾ, ಹಾಗಾಗಿ ಅನುಮಾನವೇ ಬರಲಿಲ್ಲ. ಒಂದು ರಾತ್ರಿ ಮನೆಯ ಫ್ರಿಜ್‌ನ ಫ್ರೀಜರ್ ಒಳಗೆ ಸೆನ್ಸರ್ ಇಟ್ಟು, ಬಾಗಿಲ ರಬ್ಬರ್ ಸಂದಿಯಿಂದ ವೈರ್ ಎಳೆದು, ಅಡುಗೆಮನೆಯ ನೆಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಸಂಖ್ಯೆ ನಿಧಾನ ಇಳಿಯುತ್ತಾ ಬಂತು. 1.2, 0.8, 0.4, 0.1. ಆಮೇಲೆ 0.2! ಮತ್ತೆ 0.5, 0.9. ಬಾಗಿಲು ಸರಿಯಾಗಿ ಮುಚ್ಚಿಲ್ಲ, ಬಿಸಿ ಏರುತ್ತಿದೆ ಅಂದುಕೊಂಡು ಒತ್ತಿ ಹಿಡಿದೆ. ಮುಂದಿನ ಸಾಲು ಮೈನಸ್ 1.2.

ಬಿಸಿ ಏರಿರಲಿಲ್ಲ. ಸೊನ್ನೆಯಿಂದ ಮೈನಸ್ ಒಂದರವರೆಗೆ ಪೂರ್ಣಾಂಕದ ಭಾಗ ಬರೀ ಸೊನ್ನೆ. ಸೊನ್ನೆಗೆ ಮೈನಸ್ ಗುರುತು ನಿಲ್ಲುವುದಿಲ್ಲ. ದಶಮಾಂಶದ ಗುರುತನ್ನು ಮುದ್ರಿಸುವ ಮೊದಲು ಅವರೇ ತೆಗೆದುಹಾಕುತ್ತಿದ್ದರು. ಹೀಗಾಗಿ ಆ ಒಂದು ಡಿಗ್ರಿಯಲ್ಲಿ ಮಾತ್ರ ಎಲ್ಲಾ ತಲೆಕೆಳಗು. ಆ ಮೂವತ್ತು ಸಾಲಿನ ಲಾಗ್ ಹಾಗೇ ಅಂಟಿಸಿ, ನಾಲ್ಕು ಸಾಲಿನ ಪ್ಯಾಚ್ ಕಳಿಸಿದೆ. ಎರಡೇ ದಿನದಲ್ಲಿ ತಗೊಂಡರು. ಲಾಗ್ ನೋಡಿದ ಮೇಲೆ ಯಾರಿಗೂ ಕೇಳಲು ಏನೂ ಉಳಿದಿರಲಿಲ್ಲ. (ಸಣ್ಣ ಚಿಪ್‌ಗಳ ಆಪರೇಟಿಂಗ್ ಸಿಸ್ಟಂ ಝೆಫಿರ್‌ನಲ್ಲಿ ಇದೇ ತರಹ ಎರಡು ಭಾಗ ಇದೆ, ಆದರೆ ಮೈನಸ್ 0.5 ಹೇಗೆ ಇಡಬೇಕು ಅಂತ ಹೆಡರ್ ಫೈಲಿನ ಕಾಮೆಂಟಿನಲ್ಲೇ ಬರೆದಿಟ್ಟಿದ್ದಾರೆ. ಪೂರ್ಣಾಂಕ ಸೊನ್ನೆ, ದಶಮಾಂಶದ ಭಾಗಕ್ಕೆ ಮೈನಸ್. ಅದನ್ನು ಓದಿದಾಗ ಮನಸ್ಸು ತುಂಬಿ ಬಂತು, ಇದರ ಪೆಟ್ಟು ತಿಂದವರು ಯಾರೋ ಕೂತು ಬರೆದಿದ್ದಾರೆ ಅಂತ.)

ರಾತ್ರಿ_ಪಾಳಿ:

ಮೌನದ ಬಗ್ಗೆ ನಾನು ಹೇಳುತ್ತೇನೆ. ಝೆಫಿರ್‌ಗೆ ನಾಲ್ಕು ವರ್ಷದಿಂದ ಆಗಾಗ ಪ್ಯಾಚ್ ಕಳಿಸುತ್ತೇನೆ, ಅದರ ಅನುಭವ.

ಮೂರು ವಾರದ ಮೌನವನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಸಣ್ಣ ಲೈಬ್ರರಿಗಳನ್ನು ಒಬ್ಬರೋ ಇಬ್ಬರೋ ಕೆಲಸ ಮುಗಿಸಿ ಬಂದು, ಮಕ್ಕಳು ಮಲಗಿದ ಮೇಲೆ ನೋಡುವುದು. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನವರು ತಮ್ಮ ದಾಖಲೆಯಲ್ಲೇ ಬರೆದಿದ್ದಾರೆ, ಪ್ಯಾಚ್ ಕಳಿಸಿ ಕನಿಷ್ಠ ಒಂದು ವಾರ ಕಾಯಿರಿ, ಆಮೇಲೆ ನೆನಪಿಸಿ ಅಂತ. ಅಲ್ಲಿ ಪ್ರತಿ ಆವೃತ್ತಿ ಬಂದ ಮೇಲೆ ಎರಡು ವಾರ ಹೊಸದನ್ನೆಲ್ಲ ಒಳಗೆ ಸೇರಿಸುವ ಗಡಿಬಿಡಿ ಇರುತ್ತದೆ, ಆಗ ಕಳಿಸಿದರೆ ಇನ್ನೂ ತಡ. ಝೆಫಿರ್‌ನಲ್ಲಿ 60 ದಿನ ಯಾರೂ ಮಾತಾಡದಿದ್ದರೆ ಬಾಟ್ ಒಂದು ಗುರುತು ಹಾಕುತ್ತದೆ, ಅದಾದ 14 ದಿನಕ್ಕೆ ತಾನೇ ಮುಚ್ಚುತ್ತದೆ. ನೀವು ಅಲ್ಲೊಂದು ಮಾತು ಬರೆದರೆ ಸಾಕು, ಎಣಿಕೆ ಮತ್ತೆ ಮೊದಲಿಂದ. ಹಾಗಾಗಿ ನೆನಪಿಸುವುದು ತಪ್ಪಲ್ಲ. "ನೋಡಲು ಸಮಯ ಸಿಕ್ಕಿತಾ, ನನ್ನಿಂದ ಇನ್ನೇನಾದರೂ ಬೇಕಾ" ಅಂತ ಎರಡು ಸಾಲು.

ಕಾಯುವ ವಿಷಯಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ಲಿನಕ್ಸನ್ನು ರಿಯಲ್‌ಟೈಮ್ (ಗಡುವಿನೊಳಗೆ ಕೆಲಸ ಮುಗಿಸುವಂತೆ) ಮಾಡುವ ಪ್ರಿಎಂಪ್ಟ್-ಆರ್‌ಟಿ ಪ್ಯಾಚ್‌ಗಳು ಸುಮಾರು 20 ವರ್ಷ ಕರ್ನಲ್ ಹೊರಗೇ ಇದ್ದವು. ಆ ಅಷ್ಟೂ ವರ್ಷ ಪ್ರತಿ ಹೊಸ ಆವೃತ್ತಿಗೆ ಅವನ್ನು ಹೊಂದಿಸುತ್ತಾ, ಒಂದೊಂದು ತುಂಡನ್ನೇ ಒಳಗೆ ಸೇರಿಸುತ್ತಾ ಬಂದರು. ಕೊನೆಯ ತುಂಡು ಸೇರಿದ್ದು 2024ರಲ್ಲಿ, 6.12ನೇ ಆವೃತ್ತಿಯಲ್ಲಿ. ಆ ಕೆಲಸದ ಮುಂದಾಳು ಥಾಮಸ್ ಗ್ಲೈಕ್ಸ್‌ನರ್ ಆ ಕೊನೆಯ ಕೋರಿಕೆಯನ್ನು ಕಾಗದದ ಮೇಲೆ ಮುದ್ರಿಸಿ, ಚಿನ್ನದ ಬಣ್ಣದ ಹಾಳೆ ಸುತ್ತಿ ಲಿನಕ್ಸ್ ಶುರು ಮಾಡಿದ ಲಿನಸ್ ಟೋರ್ವಾಲ್ಡ್ಸ್ ಕೈಗೆ ಕೊಟ್ಟರು. ಆ ಸುದ್ದಿ ಓದಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ, ಕಾರ್ಖಾನೆ ಯಂತ್ರಗಳಲ್ಲಿ ಆ ಪ್ಯಾಚ್ ಹಾಕಿಕೊಂಡೇ ಆರು ವರ್ಷ ಕೆಲಸ ಮಾಡಿದ್ದೇನೆ.

ಸಣ್ಣದು ಕಳಿಸಲೇಬಾರದಿತ್ತಾ ಅಂದಿರಿ. ಸಣ್ಣದೇ ಕಳಿಸಿ. ಆದರೆ ಕಾಗುಣಿತದ ತಪ್ಪು ತಿದ್ದಿ ಶುರು ಮಾಡಿ ಅಂತ ಎಲ್ಲರೂ ಹೇಳುತ್ತಾರಲ್ಲ, ನಾನು ಹೇಳುವುದಿಲ್ಲ. ನೀವು ಬಳಸದ ಪ್ರಾಜೆಕ್ಟಿನಲ್ಲಿ ಅಕ್ಷರ ತಿದ್ದಿದರೆ ನೋಡುವವರ ಸಮಯ ಹೋಗುತ್ತದೆ, ನಿಮಗೂ ಏನೂ ಹತ್ತುವುದಿಲ್ಲ. ಬಳಸಿ, ಅದು ಕೈಕೊಟ್ಟ ಜಾಗ ಹುಡುಕಿ.

ಬೋರ್ಡ್ ಇಲ್ಲದವರು ಓದುತ್ತಿದ್ದರೆ ಒಂದು ಮಾತು. ಝೆಫಿರ್‌ನಲ್ಲಿ ನೇಟಿವ್-ಸಿಮ್ ಅಂತ ಇದೆ. ಅದನ್ನು ಬೋರ್ಡ್ ಅಂತ ಆರಿಸಿದರೆ ನಿಮ್ಮ ಫರ್ಮ್‌ವೇರ್ ಲಿನಕ್ಸ್ ಮೇಲೆ ಮಾಮೂಲಿ ಪ್ರೋಗ್ರಾಂ ತರಹ ಓಡುತ್ತದೆ. ಜಿಡಿಬಿ, ವಾಲ್‌ಗ್ರೈಂಡ್ ತರಹದ ತಪ್ಪು ಹುಡುಕುವ ಸಾಧನ ಎಲ್ಲಾ ಹಾಕಿ ನೋಡಬಹುದು. ಒಂದು ರೂಪಾಯಿ ಖರ್ಚಿಲ್ಲ.

ಮ್ಯೂನಿಕ್_ಮಲೆನಾಡು:

ರಾತ್ರಿ ಪಾಳಿಯವರು ಹೇಳಿದ್ದು ಸರಿ, ಆದರೆ ಬೋರ್ಡ್ ಇರುವುದೇ ದೊಡ್ಡ ಆಸ್ತಿ ಅಂತ ಯಾರೂ ಹೇಳಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ತಂಗಿ, ಒಬ್ಬ ಮೇಂಟೇನರ್ ಹತ್ತಿರ ಲೋಕದ ಎಲ್ಲಾ ಚಿಪ್ ಇರುವುದಿಲ್ಲ. ಡ್ರೈವರ್‌ಗೆ (ಚಿಪ್ ಜೊತೆ ಮಾತಾಡುವ ಕೋಡಿಗೆ) ಯಾರೋ ಬದಲಾವಣೆ ಕಳಿಸುತ್ತಾರೆ. ಓದಿದರೆ ಸರಿ ಕಾಣುತ್ತದೆ, ಆದರೆ ನಿಜವಾದ ಚಿಪ್ ಮೇಲೆ ಓಡುತ್ತದಾ ಅಂತ ನೋಡಲು ಯಾರೂ ಇಲ್ಲ. ಆಗ ನಿಮ್ಮಂಥವರು ತಮ್ಮ ಬೋರ್ಡ್ ಮೇಲೆ ಓಡಿಸಿ "ಸರಿ ಇದೆ" ಅಥವಾ "ಇಲ್ಲಿ ನಿಂತಿತು" ಅಂತ ಹೇಳಿದರೆ ಅದಕ್ಕೆ ಕೋಡಿನಷ್ಟೇ ಬೆಲೆ. ಕರ್ನಲ್‌ನಲ್ಲಿ ಅದಕ್ಕೆ "ಟೆಸ್ಟೆಡ್-ಬೈ" ಅಂತ ಸಾಲೇ ಇದೆ. ಕಮಿಟ್ (ಗಿಟ್‌ನಲ್ಲಿ ದಾಖಲಾದ ಒಂದು ಬದಲಾವಣೆ) ಜೊತೆ ನಿಮ್ಮ ಹೆಸರು ಶಾಶ್ವತವಾಗಿ ಗಿಟ್ ಇತಿಹಾಸದಲ್ಲಿ ಕೂರುತ್ತದೆ. ತಪ್ಪು ಹೇಳಿಕೊಟ್ಟವರಿಗೆ "ರಿಪೋರ್ಟೆಡ್-ಬೈ" ಬೇರೆ ಇದೆ. ನನ್ನ ಹೆಸರು ಕರ್ನಲ್‌ಗೆ ಮೊದಲು ಹೋಗಿದ್ದು ಹೀಗೆ ಒಂದು ಟೆಸ್ಟೆಡ್-ಬೈ ಸಾಲಿನಲ್ಲಿ. ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡ್, ಬೆಳಗಿನ ಜಾವ ನಾಲ್ಕು ಗಂಟೆ.

ಪರೀಕ್ಷೆ ಮಾಡುವವರು ಇಲ್ಲದಿದ್ದರೆ ಏನಾಗುತ್ತದೆ ಗೊತ್ತಾ? ಕೋಡ್ ಸಾಯುತ್ತದೆ. 2018ರಲ್ಲಿ ಕರ್ನಲ್ 4.17ರಿಂದ ಎಂಟು ಬಗೆಯ ಪ್ರೊಸೆಸರ್‌ಗಳ ಬೆಂಬಲವನ್ನು ಒಟ್ಟಿಗೆ ತೆಗೆದರು. ಬ್ಲ್ಯಾಕ್‌ಫಿನ್, ಟೈಲ್, ಕ್ರಿಸ್ ಎಲ್ಲಾ ಹೋದವು. ಕೋಡ್ ಕೆಟ್ಟದ್ದು ಅಂತಲ್ಲ, ಹೊಸ ಕರ್ನಲ್ ಹಾಕಿ ನೋಡುವ ಜನ ಉಳಿದಿರಲಿಲ್ಲ.

ಇನ್ನೊಂದು, ಸಣ್ಣವರು ಮಾಡಿದ್ದು ನಿಲ್ಲುತ್ತದಾ ಅಂತ ಅನುಮಾನ ಇರಬಹುದು. ನೀವೇ ದಿನಾ ಬಳಸುತ್ತೇನೆ ಅಂದ ಓಪನ್‌ಒಸಿಡಿ ಇದೆಯಲ್ಲ, ಅದನ್ನು ಡೊಮಿನಿಕ್ ರಾಥ್ ಶುರು ಮಾಡಿದ್ದು 2005ರಲ್ಲಿ, ನಾನಿರುವ ಮ್ಯೂನಿಕ್‌ಗೆ ಹತ್ತಿರದ ಆಗ್ಸ್‌ಬರ್ಗ್‌ನ ಕಾಲೇಜಿನಲ್ಲಿ, ಕೋರ್ಸ್ ಮುಗಿಸಲು ಬರೆದ ಪ್ರಬಂಧವಾಗಿ. ಒಬ್ಬ ವಿದ್ಯಾರ್ಥಿಯ ಕೆಲಸ. ಈಗ ನಿಮ್ಮ ಆಫೀಸಿನ ಮೇಜಿನ ಮೇಲೂ ಇದೆ.

ಮುಂದಿನ ಕೆಲಸ ಹುಡುಕುತ್ತಿದ್ದರೆ ಡಿಎಸ್18ಬಿ20 ತಗೊಳ್ಳಿ, ಅಗ್ಗದ ತಾಪಮಾನದ ಸೆನ್ಸರ್. ಪವರ್ ಕೊಟ್ಟ ತಕ್ಷಣ ಅದರೊಳಗೆ 85 ಡಿಗ್ರಿ ಅಂತ ತುಂಬಿರುತ್ತದೆ. 12 ಬಿಟ್ ಅಳತೆಗೆ 750 ಮಿಲಿಸೆಕೆಂಡ್ ಬೇಕು, ಕಾಯದೆ ಓದಿದರೆ ಆ 85 ಕೈಗೆ ಬರುತ್ತದೆ. ನೀವು ಬಳಸುವ ಲೈಬ್ರರಿ ಅದನ್ನು ಸರಿಯಾಗಿ ನೋಡಿಕೊಳ್ಳುತ್ತದಾ ಅಂತ ಪರೀಕ್ಷಿಸಿ. ಹುಳುಮನೆಯಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ 85 ತೋರಿಸಿದರೆ ಚಿಕ್ಕಪ್ಪನ ಎದೆ ಹೊಡೆದುಕೊಳ್ಳುತ್ತದೆ.

ಕಾಗದಪತ್ರ_ಕೇಶವ:

ಕಂಪನಿ ಕಾಗದದ ಬಗ್ಗೆ ಯಾರೂ ಮುಟ್ಟಲಿಲ್ಲ, ಅದು ಮುಖ್ಯ. ನಾನು ವಕೀಲ ಅಲ್ಲ, ಇದೇ ದಾರಿ ನಡೆದು ಬಂದವನು.

ಮೊದಲು ಆ ಕಾಗದ ಹುಡುಕಿ ಓದಿ, ನೆನಪಿನ ಮೇಲೆ ಹೋಗಬೇಡಿ. ಕೆಲವರದ್ದರಲ್ಲಿ ಕಂಪನಿ ವ್ಯವಹಾರಕ್ಕೆ ಸಂಬಂಧಪಟ್ಟ ಕೋಡ್ ಮಾತ್ರ ಅವರದ್ದು ಅಂತ ಇರುತ್ತದೆ, ಕೆಲವರದ್ದರಲ್ಲಿ ನೀವು ಬರೆದದ್ದೆಲ್ಲ ಅಂತ ಇರುತ್ತದೆ. ಎರಡಕ್ಕೂ ತುಂಬಾ ವ್ಯತ್ಯಾಸ. ಹೇಗಿದ್ದರೂ ಮ್ಯಾನೇಜರ್‌ಗೆ ಒಂದು ಮೇಲ್ ಹಾಕಿ. ಯಾವ ಪ್ರಾಜೆಕ್ಟ್, ಯಾವ ಲೈಸೆನ್ಸ್, ನನ್ನ ಸ್ವಂತ ಲ್ಯಾಪ್‌ಟಾಪ್, ನನ್ನ ಸ್ವಂತ ಸಮಯ, ಕಂಪನಿ ಕೆಲಸಕ್ಕೂ ಇದಕ್ಕೂ ಸಂಬಂಧ ಇಲ್ಲ. ಬಾಯಿಮಾತಿನ "ಆಯ್ತು ಮಾಡು" ಬೇಡ, ಮೇಲ್‌ನಲ್ಲಿ ಉತ್ತರ ತಗೊಳ್ಳಿ. ನಾನು ಹಿಂದಿದ್ದ ಒಂದು ಕಡೆ ಬಾಯಿಮಾತಲ್ಲಿ ಒಪ್ಪಿದ್ದ ಮ್ಯಾನೇಜರ್ ಕೆಲಸ ಬಿಟ್ಟು ಹೋದರು. ಹೊಸಬರು ಬಂದು ಪ್ರಶ್ನೆ ಮಾಡಿದಾಗ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಎಂಟು ತಿಂಗಳ ಕೆಲಸ ಅರ್ಧಕ್ಕೆ ನಿಲ್ಲಿಸಬೇಕಾಯಿತು. ಈಗಲೂ ಅದರ ನೋವಿದೆ.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ಕರ್ನಲ್, ಝೆಫಿರ್ ಇಂಥ ಕಡೆ ಪ್ರತಿ ಕಮಿಟ್ ಕೆಳಗೆ "ಸೈನ್ಡ್-ಆಫ್-ಬೈ" ಅಂತ ನಿಮ್ಮ ಹೆಸರು ಹಾಕಬೇಕು. ಈ ಕೋಡ್ ಕೊಡುವ ಹಕ್ಕು ನನಗಿದೆ ಅಂತ ಅದರ ಅರ್ಥ. ಕರ್ನಲ್‌ನವರು ಇದನ್ನು 2004ರಲ್ಲಿ ತಂದರು, ಆಗ ಲಿನಕ್ಸ್ ಕೋಡ್ ಯಾರದ್ದು ಅಂತ ಕೋರ್ಟಿನಲ್ಲಿ ಜಗಳ ನಡೆಯುತ್ತಿತ್ತು. ಅಭ್ಯಾಸಬಲದಲ್ಲಿ ಟೈಪ್ ಮಾಡುವ ಸಾಲಲ್ಲ ಅದು, ನೀವು ಕೊಡುವ ಮಾತು.

ಶಿಡ್ಲಘಟ್ಟದ_ಹುಡುಗಿ:

ಹನ್ನೊಂದು ದಿನದ ನಂತರ ಬರೆಯುತ್ತಿದ್ದೇನೆ.

ಕಾಗದ ಓದಿದೆ. ಕಂಪನಿ ವ್ಯವಹಾರಕ್ಕೆ ಸಂಬಂಧಪಟ್ಟದ್ದು ಮಾತ್ರ ಅಂತ ಇದೆ. ಆದರೂ ಕೇಶವ್ ಸರ್ ಹೇಳಿದ ಹಾಗೆ ಮೇಲ್ ಹಾಕಿದೆ, ನಾಲ್ಕನೇ ದಿನಕ್ಕೆ ಒಪ್ಪಿಗೆ ಬಂತು. ಆ ಮೇಲ್ ಪ್ರಿಂಟ್ ತೆಗೆದು ಇಟ್ಟಿದ್ದೇನೆ.

ಪುಲ್ ರಿಕ್ವೆಸ್ಟ್ ಹೊಸದಾಗಿ ಬರೆದೆ. ಹಿಂದಿನದು ಯಾಕೆ ತಪ್ಪು ಅಂತ ಮೊದಲೇ ಹೇಳಿದೆ. ಐಡಿ ಓದಿದ ಲಾಗ್, ಎರಡು ಚಿಪ್‌ಗಳ ಹತ್ತಿರದ ಫೋಟೊ ಹಾಕಿದೆ (ನಿಜವಾದ ಬಿಎಂಇ280 ಒಂದು ತಗೊಂಡೆ, ಈ ಸಲ ಅಂಗಡಿಯಲ್ಲೇ ಫೋನ್ ಹಿಡಿದು ಚೌಕ ನೋಡಿ). ಎರಡನೇ ದಿನ ಉತ್ತರ ಬಂತು! ಮೇಂಟೇನರ್ ತಮ್ಮ ಮನೆಯಲ್ಲಿ ಕಾಯಿಲೆ ಇತ್ತು, ಅದಕ್ಕೆ ತಡ ಆಯಿತು, ಕ್ಷಮಿಸಿ ಅಂತ ಶುರು ಮಾಡಿದ್ದರು. ಸಂದೇಶದ ಬದಲಾವಣೆ ಒಂದು ಕಮಿಟ್, ರೀಡ್‌ಮಿ (ಪ್ರಾಜೆಕ್ಟಿನ ಪರಿಚಯ) ಫೈಲಿನಲ್ಲಿ ಸೇರಿಸಿದ ಫೋಟೊ ಇನ್ನೊಂದು ಕಮಿಟ್ ಅಂತ ಬಿಡಿಸಿ ಕೊಡಿ ಅಂದರು. ಆ ರಾತ್ರಿಯೇ ಬಿಡಿಸಿ ಕಳಿಸಿದೆ, ನಿನ್ನೆ ಸೇರಿತು. ಹದಿನಾಲ್ಕು ಸಾಲು.

ಪೆಟ್ಟಿಗೆ ಭಾನುವಾರ ಊರಿಗೆ ಹೋಯಿತು. ಹುಳು ಎರಡನೇ ಜ್ವರದಿಂದ (ಪೊರೆ ಬಿಡುವ ಹೊತ್ತು) ಎದ್ದಿವೆ. ಚಿಕ್ಕಪ್ಪ ಮೊದಲ ರಾತ್ರಿಯೂ ಟಾರ್ಚ್ ಹಿಡಿದು ಹೋಗಿ ನೋಡಿದರಂತೆ, ಪೆಟ್ಟಿಗೆಯ ಸಂಖ್ಯೆಯನ್ನೂ ಗೋಡೆಯ ಹಳೇ ಮೀಟರನ್ನೂ ಪಕ್ಕಪಕ್ಕ ಇಟ್ಟು. ತೇವಾಂಶದಲ್ಲಿ ಎರಡಕ್ಕೂ ನಾಲ್ಕು ವ್ಯತ್ಯಾಸ ಇದೆಯಂತೆ. ಯಾವುದು ಸರಿ ಅಂತ ನನ್ನನ್ನು ಕೇಳಿದ್ದಾರೆ. ಮುಚ್ಚಿದ ಡಬ್ಬಿಯಲ್ಲಿ ಒದ್ದೆ ಉಪ್ಪು ಇಟ್ಟರೆ ಒಳಗಿನ ತೇವಾಂಶ ಶೇಕಡಾ 75ಕ್ಕೆ ನಿಲ್ಲುತ್ತದೆ ಅಂತ ಓದಿದ್ದೇನೆ. ಈ ಶನಿವಾರ ಎರಡನ್ನೂ ಅದರೊಳಗೆ ಇಟ್ಟು ನೋಡುತ್ತೇನೆ. ಯಾರಾದರೂ ಮಾಡಿದ್ದರೆ ಎಷ್ಟು ಹೊತ್ತು ಬಿಡಬೇಕು ಹೇಳಿ.

ಬೆಸುಗೆ_ಕಡ್ಡಿ:

ಮಾಡಿದ್ದೇನೆ ಮೇಡಂ. ಉಪ್ಪು ಒದ್ದೆ ಮರಳಿನ ಹಾಗಿರಲಿ, ಮೇಲೆ ನೀರು ನಿಲ್ಲಬಾರದು. ಸೆನ್ಸರ್‌ಗೆ ಉಪ್ಪು ತಾಗಬಾರದು. ಬಿಸಿಲು ಬೀಳದ ಜಾಗದಲ್ಲಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಓದಿ. ಲಾಗ್ ಇಲ್ಲಿ ಹಾಕಿ, ನೋಡೋಣ.